ಲೇಬಲ್ ಇಲ್ಲದ ಎಣ್ಣೆ

ತೂಕ ಮತ್ತು ಅಳತೆ ಇಲಾಖೆಯ ಆ ನಿರೀಕ್ಷಕರಿಗೆ ಪೇಟೆ ಬೀದಿ ಇಟ್ಟ ಹೆಸರು ತಕ್ಕಡಿ ಸಾಹೇಬರು. ಇಟ್ಟವರು ಪ್ರೀತಿಯಿಂದ ಇಟ್ಟದ್ದಲ್ಲ. ಮೂವತ್ತೊಂದು ವರ್ಷದ ಸೇವೆಯಲ್ಲಿ ಯಾವ ಪೊಟ್ಟಣವನ್ನೂ ಅದರ ಮಾತಿನ ಮೇಲೆ ನಂಬಿದವರಲ್ಲ ಅವರು. ಅರ್ಧ ಕಿಲೋ ಎಂದು ಬರೆದಿದ್ದರೆ ತೂಗುತ್ತಿದ್ದರು. ಐವತ್ತು ಕಡ್ಡಿ ಎಂದು ಬರೆದಿದ್ದ ಬೆಂಕಿಪೊಟ್ಟಣವನ್ನು ಮೇಜಿನ ಮೇಲೆ ಸುರಿದು ಎಣಿಸುತ್ತಿದ್ದರು. ಮದುವೆಯಾದ ಹೊಸದರಲ್ಲಿ ಹೆಂಡತಿ "ನಿಮ್ಮನ್ನ ಕಂಡ್ರೆ ನಂಗೆ ತುಂಬಾ ಪ್ರೀತಿ" ಎಂದಾಗ, "ತುಂಬಾ ಅಂದ್ರೆ ಎಷ್ಟು?" ಎಂದು ಕೇಳಿದರಂತೆ. ಆಕೆ ಅಂದಿನಿಂದ ಆ ವಿಷಯದಲ್ಲಿ ಹೇಳಿಕೆ ಕೊಡುವುದನ್ನೇ ನಿಲ್ಲಿಸಿದ್ದರು.

ಇಂಥ ಸಾಹೇಬರಿಗೆ ಆಸ್ತಮಾ ಇತ್ತು. ಹನ್ನೆರಡು ವರ್ಷದಿಂದ ಇತ್ತು, ಹನ್ನೆರಡು ವರ್ಷದಿಂದಲೂ ಗುಟ್ಟಾಗಿತ್ತು. ಮೆಟ್ಟಿಲು ಹತ್ತುವಾಗ ಉಸಿರು ಸಿಕ್ಕಿಕೊಂಡರೆ ಅವರು ಅಲ್ಲೇ ನಿಂತು, ಗೋಡೆಯ ಮೇಲಿನ ವಿದ್ಯುತ್ ಮೀಟರನ್ನು ಗಂಭೀರವಾಗಿ ನೋಡುತ್ತಿದ್ದರು. ವಿದ್ಯುತ್ ಮೀಟರು ಅವರ ಇಲಾಖೆಗೆ ಸೇರಿದ್ದಲ್ಲ. ಆದರೂ ಬೀದಿಯ ಅಷ್ಟೂ ಕಟ್ಟಡಗಳ ಮೀಟರುಗಳು ಅವರ ಕಣ್ಣ ಕೆಳಗೆ ಹಾದುಹೋಗಿದ್ದವು.

ಔಷಧಿ ಇರಲಿಲ್ಲವೇ? ಇತ್ತು. ಮೊದಲ ಸಲ ಡಾಕ್ಟರು ಇನ್ಹೇಲರ್ ಬರೆದುಕೊಟ್ಟಾಗ ಅದರ ಡಬ್ಬಿಯ ಮೇಲೆ 'ನೂರಿಪ್ಪತ್ತು ಸಲಕ್ಕೆ' ಎಂದು ಅಚ್ಚಾಗಿತ್ತು. ಸಾಹೇಬರು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅದನ್ನು ಗಾಳಿಗೆ ಒತ್ತುತ್ತಾ ಎಣಿಸಿದರು. ನೂರಿಪ್ಪತ್ತೇ ಇತ್ತು. ಕಂಪನಿ ಪ್ರಾಮಾಣಿಕವಾದದ್ದು ಎಂದು ಅವರಿಗೆ ತೃಪ್ತಿಯಾಯಿತು. ಔಷಧಿ ಮುಗಿದಿತ್ತು.

ಆಮೇಲೆ ತಂದ ಇನ್ಹೇಲರುಗಳನ್ನು ಉಸಿರು ಕುತ್ತಿಗೆಗೆ ಬಂದಾಗ ಮಾತ್ರ ಬಳಸುತ್ತಿದ್ದರು. "ದಿನಾ ತಗೋಬೇಕು ಅಂತ ಡಾಕ್ಟರು ಹೇಳಿದ್ದಾರಲ್ರೀ" ಎಂದು ಹೆಂಡತಿ ಹೇಳಿದರೆ, "ದಿನಾ ತಗೊಂಡ್ರೆ ದಿನಾ ಮಾರಾಟ ಆಗುತ್ತೆ, ಯೋಚನೆ ಮಾಡು" ಎನ್ನುತ್ತಿದ್ದರು.

ಹೀಗಿರುವಾಗ ಇಲಾಖೆಗೆ ಹೊಸ ಮೇಲಧಿಕಾರಿ ಬಂದರು. ಹೆಂಗಸು, ಮಿತಭಾಷಿ, ಚಪ್ಪಲಿ ಸದ್ದಾಗದಂತೆ ನಡೆಯುವವರು. ಬಂದ ವಾರವೇ ಸುತ್ತೋಲೆ ಹೊರಡಿಸಿದರು. ಐವತ್ತು ದಾಟಿದ ನಿರೀಕ್ಷಕರೆಲ್ಲ ಮೂರು ತಿಂಗಳಲ್ಲಿ ದೇಹದಾರ್ಢ್ಯ ತೋರಿಸಬೇಕು. ಅದರಲ್ಲಿ ಒಂದು, ಉಸಿರು ಅಳೆಯುವ ಯಂತ್ರಕ್ಕೆ ಊದುವುದು. ನಾನೂರರ ಗೆರೆ ದಾಟದವರನ್ನು ಬೀದಿ ತಪಾಸಣೆಯಿಂದ ತೆಗೆದು ದಾಖಲೆ ಕೋಣೆಗೆ ಹಾಕಲಾಗುವುದು.

ದಾಖಲೆ ಕೋಣೆ ಕಚೇರಿಯ ನೆಲಮಾಳಿಗೆಯಲ್ಲಿತ್ತು. ನಲವತ್ತು ವರ್ಷದ ಕಡತಗಳು, ಅವುಗಳ ಮೇಲೆ ನಲವತ್ತು ವರ್ಷದ ಧೂಳು, ಕಿಟಕಿ ಇಲ್ಲ. ಉಸಿರು ಸಾಲದವರನ್ನು ಉಸಿರೇ ಇಲ್ಲದ ಜಾಗಕ್ಕೆ ಕಳಿಸುವ ಈ ಏರ್ಪಾಡಿನ ತರ್ಕವನ್ನು ಪ್ರಶ್ನಿಸುವ ಧೈರ್ಯ ಯಾರಿಗೂ ಆಗಲಿಲ್ಲ. ಸಾಹೇಬರು ಒಮ್ಮೆ ಅಲ್ಲಿಗೆ ಒಂದು ಕಡತ ತರಲು ಹೋಗಿ, ಕಡತ ಬಿಟ್ಟು ಬರೀ ಜೀವ ಹಿಡಿದುಕೊಂಡು ಮೇಲೆ ಬಂದಿದ್ದರು. ಸುತ್ತೋಲೆ ಓದಿದ ಸಂಜೆಯೇ ಹೆಂಡತಿ ಅವರನ್ನು ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದರು.

ಅಲ್ಲಿ ಊದಿಸಿ ನೋಡಿದರು. ಇನ್ನೂರ ತೊಂಬತ್ತು.

"ನಮ್ಮಲ್ಲಿ ಒಂದು ಅಧ್ಯಯನ ನಡೀತಿದೆ, ಸೇರ್ತೀರಾ?" ಎಂದರು ಡಾಕ್ಟರು. "ಆಸ್ತಮಾದಲ್ಲಿ ಶ್ವಾಸನಾಳದ ಒಳಗೋಡೆ ಊದಿಕೊಳ್ಳುತ್ತೆ. ಆ ಊತಕ್ಕೆ ಕುಮ್ಮಕ್ಕು ಕೊಡೋ ಕೆಲವು ರಾಸಾಯನಿಕಗಳನ್ನ ನಮ್ಮ ದೇಹವೇ ಕೊಬ್ಬಿನಾಮ್ಲದಿಂದ ತಯಾರಿಸಿಕೊಳ್ಳುತ್ತೆ. ಕೆಲವು ಗಿಡದ ಬೀಜದೆಣ್ಣೆಯಲ್ಲಿ ಬೇರೆ ಜಾತಿಯ ಕೊಬ್ಬಿನಾಮ್ಲ ಇರುತ್ತೆ. ಅದು ಹೊಟ್ಟೆಗೆ ಹೋದ್ರೆ ಆ ತಯಾರಿಕೆ ಕಮ್ಮಿ ಆಗಿ, ಊತ ಇಳೀಬಹುದು ಅಂತ ನಮಗೊಂದು ಅನುಮಾನ."

ಸಾಹೇಬರು ನೆಟ್ಟಗೆ ಕೂತರು. ಅನುಮಾನವಿದೆ ಎಂದು ಬಾಯಿಬಿಟ್ಟು ಹೇಳಿದ ಮೊದಲ ಡಾಕ್ಟರು ಇವರು.

"ಇಳಿಯುತ್ತಾ?"

"ಇಳೀಬಹುದು. ಇಳಿಯುತ್ತೆ ಅಂತ ಗೊತ್ತಿದ್ರೆ ಅಧ್ಯಯನ ಯಾಕೆ ಬೇಕು? ಅರ್ಧ ಜನಕ್ಕೆ ಆ ಬೀಜದೆಣ್ಣೆ, ಇನ್ನರ್ಧ ಜನಕ್ಕೆ ಮಾಮೂಲಿ ಅಡುಗೆ ಎಣ್ಣೆ. ಯಾರಿಗೆ ಯಾವುದು ಅಂತ ನಿಮಗೂ ಗೊತ್ತಿರಲ್ಲ, ನಂಗೂ ಗೊತ್ತಿರಲ್ಲ."

"ನಿಮಗೂ?"

"ನಂಗೂ."

ಸಾಹೇಬರ ಮುಖ ಮತ್ತೆ ಮುದುಡಿತು. ಆದರೆ ನೆಲಮಾಳಿಗೆ ಕಣ್ಣ ಮುಂದೆ ಬಂತು. ನರ್ಸ್ ಹದಿನಾಲ್ಕು ಪುಟದ ಒಪ್ಪಿಗೆ ಪತ್ರ ಮುಂದಿಟ್ಟು, "ಪೂರ್ತಿ ಓದಿ ಸಹಿ ಹಾಕಿ ಸಾರ್" ಎಂದರು. ಸಾಹೇಬರು ಪುಟಗಳನ್ನು ಎಣಿಸಿದರು, ಹದಿನಾಲ್ಕಿದ್ದವು. ಪುಟಸಂಖ್ಯೆ ಕ್ರಮವಾಗಿತ್ತು, ಪಿನ್ನು ಎರಡು ಕಡೆ ಬಿಗಿಯಾಗಿತ್ತು. ಸಹಿ ಹಾಕಿದರು. ಅಳೆಯುವುದು ಬೇರೆ, ಓದುವುದು ಬೇರೆ ಎಂಬ ಸೂಕ್ಷ್ಮ ಅವರಿಗೆ ಅಂದು ಹೊಳೆಯಲಿಲ್ಲ.

ಕೈಗೆ ಸಿಕ್ಕಿದ್ದು ಕಂದು ಗಾಜಿನ ಬಾಟಲಿ. ಮುನ್ನೂರು ಮಿಲಿ, ದಿನಕ್ಕೆ ಹತ್ತು ಮಿಲಿ, ಬೆಳಗ್ಗೆ ಊಟದ ಜೊತೆ. ಬಾಟಲಿಯ ಮೇಲೆ ಬಿಳಿ ಚೀಟಿ, ಚೀಟಿಯ ಮೇಲೆ ಮೂರಂಕಿಯ ಒಂದು ಸಂಖ್ಯೆ. ಜೊತೆಗೆ ಮನೆಯಲ್ಲೇ ಊದಿ ನೋಡಿಕೊಳ್ಳಲು ಪ್ಲಾಸ್ಟಿಕ್ಕಿನ ಒಂದು ಕೊಳವೆ. ಹೆಂಡತಿ ಅದನ್ನು ನೋಡಿದೊಡನೆ ಪೀಪಿ ಎಂದು ಕರೆದರು, ಅದೇ ಹೆಸರು ನಿಂತಿತು. ಹೊರಡುವಾಗ ನರ್ಸ್ ಸಾಹೇಬರನ್ನು ಬಿಟ್ಟು ಹೆಂಡತಿಗೆ ಹೇಳಿದರು. "ಎಣ್ಣೆ ಯಾವುದೇ ಇರಲಿ, ಇನ್ಹೇಲರ್ ಮಾತ್ರ ಬೆಳಗ್ಗೆ ಸಂಜೆ ತಪ್ಪಬಾರದು ಅಮ್ಮಾ. ಆದ ಮೇಲೆ ಬಾಯಿ ಮುಕ್ಕಳಿಸಬೇಕು. ನೀವೇ ನಿಂತು ನೋಡ್ಕೊಳ್ಳಿ."

"ನೋಡ್ಕೋತೀನಿ" ಎಂದರು ಆಕೆ. ಹೇಳಿದ ರೀತಿಯಲ್ಲಿ ಹನ್ನೆರಡು ವರ್ಷದ ಬಾಕಿ ಇತ್ತು.

ಮೂರನೇ ದಿನ ಹೆಂಡತಿ ಅಡುಗೆಮನೆಗೆ ಬಂದರೆ, ಬಟ್ಟಲಲ್ಲಿ ಬತ್ತಿ ಉರಿಯುತ್ತಿತ್ತು. ಸಾಹೇಬರು ಗಡಿಯಾರ ಹಿಡಿದು ಕೂತಿದ್ದರು.

"ಏನ್ರೀ ಇದು, ಹಾಡುಹಗಲಲ್ಲಿ ದೀಪ?"

"ಪರೀಕ್ಷೆ. ಮಾಮೂಲಿ ಎಣ್ಣೆ ಇಷ್ಟೇ ಅಳತೇಲಿ ಹದಿನೇಳು ನಿಮಿಷ ಉರೀತು. ಇದು ಎಷ್ಟು ಹೊತ್ತು ಉರಿಯುತ್ತೆ ನೋಡ್ತೀನಿ."

"ಕುಡೀರಿ ಅಂತ ಕೊಟ್ಟದ್ದನ್ನ ಉರಿಸ್ತಿದ್ದೀರಲ್ರೀ!"

"ಕುಡಿಯೋ ಭಾಗ ಕುಡಿದಾಯ್ತು. ಇದು ಸತ್ಯದ ಭಾಗ."

ಬತ್ತಿ ಹದಿನೇಳು ನಿಮಿಷವೇ ಉರಿಯಿತು. ಮಾರನೇ ದಿನ ಕಚೇರಿಯಿಂದ ಸಾಂದ್ರತೆ ನೋಡುವ ಗಾಜಿನ ಕಡ್ಡಿ ತಂದು ಮುಳುಗಿಸಿದರು. ನೀರು ಒಂದಾದರೆ ಇದು ಸೊನ್ನೆ ಬಿಂದು ಒಂಬತ್ತು ಎರಡು. ಅಡುಗೆ ಎಣ್ಣೆಯೂ ಅಷ್ಟೇ. ಜಗತ್ತಿನ ಹೆಚ್ಚುಕಮ್ಮಿ ಎಲ್ಲ ಬೀಜದೆಣ್ಣೆಯೂ ಅಷ್ಟೇ ಎಂಬುದು ಅವರಿಗೆ ಗೊತ್ತಿತ್ತು, ಗೊತ್ತಿದ್ದೂ ಮಾಡಿದರು. ಕಾಗದದ ಮೇಲೆ ಹನಿ ಹಾಕಿದರು. ಅಂಗೈಗೆ ತಿಕ್ಕಿ ಮೂಸಿದರು. ಹೆಂಡತಿಗೂ ಮೂಸಲು ಕೊಟ್ಟರು.

"ಏನು ವಾಸನೆ?"

"ಎಣ್ಣೆ ವಾಸನೆ."

"ನಿಂಗೂ ಅನುಮಾನ ಬಂತು ತಾನೇ?"

ಇಷ್ಟರ ನಡುವೆ ಒಂದು ವಿಚಿತ್ರ ನಡೆಯಿತು. ಪೀಪಿಯ ಅಂಕಿ ಏರತೊಡಗಿತು. ಎರಡನೇ ವಾರ ಮುನ್ನೂರ ಇಪ್ಪತ್ತು. ನಾಲ್ಕನೇ ವಾರ ಮುನ್ನೂರ ಎಪ್ಪತ್ತು. ಏಳನೇ ವಾರ ನಾನೂರ ಹತ್ತು. ಹೆಂಡತಿ ಬೆಳಗ್ಗೆ ಸಂಜೆ ಇನ್ಹೇಲರ್ ಹಿಡಿದು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ಅದನ್ನು ಎಳೆದುಕೊಂಡು, ಬಾಯಿ ಮುಕ್ಕಳಿಸಿ, ಪೀಪಿ ಊದಿ, ಅಂಕಿ ಬರೆಸಿದ ಮೇಲೆಯೇ ಸಾಹೇಬರಿಗೆ ದಾರಿ. ಬೇರೆಯವರಾಗಿದ್ದರೆ ಸಂತೋಷಪಡುತ್ತಿದ್ದರು. ಸಾಹೇಬರಿಗೆ ಚಿಂತೆ ಹೆಚ್ಚಾಯಿತು. ಔಷಧಿಯ ಎಣ್ಣೆಯಾದರೆ ಕಹಿ ಯಾಕಿಲ್ಲ? ಅಡುಗೆ ಎಣ್ಣೆಯಾದರೆ ಅಂಕಿ ಯಾಕೆ ಏರುತ್ತಿದೆ? ಪೀಪಿಯೇ ಸುಳ್ಳು ಹೇಳುತ್ತಿರಬಹುದೇ? ಇನ್ಹೇಲರಿನ ನೆನಪು ಮಾತ್ರ ಅವರಿಗೆ ಬರಲಿಲ್ಲ. ಅದರ ತನಿಖೆ ನೂರಿಪ್ಪತ್ತನೇ ಒತ್ತಿಗೇ ಮುಗಿದಿತ್ತಲ್ಲ.

ಎಂಟನೇ ವಾರ ಸಾಹೇಬರು ಪೇಟೆ ಬೀದಿಯ ಎಣ್ಣೆ ಅಂಗಡಿಯ ಮುಂದೆ ಹಾದುಹೋಗುತ್ತಿದ್ದರು. ಅಂಗಡಿಯ ಯಜಮಾನರು ದಪ್ಪ ಮೀಸೆಯ, ದೊಡ್ಡ ಮಾತಿನ ಮನುಷ್ಯ. ಶಟರಿನ ಮೇಲ್ಗಡೆ ಅವರಪ್ಪ ಬರೆಸಿ ಹೋದ ಬೋರ್ಡು: 'ನಮ್ಮ ಎಣ್ಣೆ ಉಂಡವರಿಗೆ ಕೆಮ್ಮಿಲ್ಲ, ದಮ್ಮಿಲ್ಲ, ಡಾಕ್ಟರ ಹಂಗಿಲ್ಲ.' ಸಾಹೇಬರು ಅಭ್ಯಾಸಬಲದಿಂದ ತಕ್ಕಡಿಯ ಕಡೆ ಕಣ್ಣು ಹಾಯಿಸಿದರು. ಕಣ್ಣು ತಕ್ಕಡಿ ದಾಟಿ ಯಜಮಾನರ ಗಾದಿಯ ಪಕ್ಕಕ್ಕೆ ಹೋಯಿತು. ಅಲ್ಲೇ ನಿಂತಿತು.

ಕಂದು ಗಾಜಿನ ಬಾಟಲಿ. ಬಿಳಿ ಚೀಟಿ. ಮೂರಂಕಿಯ ಸಂಖ್ಯೆ.

ಸಾಹೇಬರ ತಲೆಯಲ್ಲಿ ಎರಡು ತಿಂಗಳಿಂದ ಸಮ ನಿಂತಿದ್ದ ತಕ್ಕಡಿ ಧಡಕ್ಕನೆ ಒಂದು ಕಡೆಗೆ ವಾಲಿತು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಘೋಷಿಸಿದರು. "ಗೊತ್ತಾಯ್ತು! ಆಸ್ಪತ್ರೆಯವರು ಎಣ್ಣೆ ತರಿಸೋದು ನಮ್ಮ ಬೀದಿ ಅಂಗಡಿಯಿಂದ! ಅವನು ಡಬ್ಬದಿಂದ ತುಂಬಿಸ್ತಾನೆ, ಇವರು ನಂಬರ್ ಅಂಟಿಸ್ತಾರೆ, ನಾನು ಕುಡೀತೀನಿ!"

"ಅವರೂ ನಿಮ್ಮ ಹಾಗೆ ಕುಡಿಯೋರಿರಬಹುದಲ್ರೀ."

"ಆ ಮನುಷ್ಯನಾ? ಬೋರ್ಡ್ ನೋಡಿದ್ದೀಯಾ?" ಎಂದರು ಸಾಹೇಬರು. ಬೋರ್ಡನ್ನು ನಂಬಿದ್ದು ಅವರ ಜೀವಮಾನದಲ್ಲಿ ಅದೇ ಮೊದಲು.

ಮಾರನೇ ದಿನ ಬೆಳಗ್ಗೆ ಹತ್ತೂವರೆಗೆ ದಾಳಿ. ಸಾಹೇಬರು ಉತ್ಸಾಹದಲ್ಲಿ ಸರಿಯಾಗಿ ಊಟವನ್ನೂ ಮಾಡದೆ ಹೊರಟಿದ್ದರು. ದೊಡ್ಡ ಬೇಟೆ ಎಂದು ಮೇಲಧಿಕಾರಿಗೆ ಫೋನು ಮಾಡಿ ಬರಹೇಳಿದ್ದರು. ತಪಾಸಣೆಯಲ್ಲಿ ಹೆಸರು ಬಂದರೆ ಊದುವ ಪರೀಕ್ಷೆಯಲ್ಲಿ ಹತ್ತಿಪ್ಪತ್ತು ಕಮ್ಮಿಯಾದರೂ ಕಣ್ಣು ಮುಚ್ಚಿಯಾರು ಎಂಬ ಆಸೆ ಒಳಗೆ ಇತ್ತು. ಪಕ್ಕದ ಸೆಲೂನಿನವನು ಕತ್ತಿ ಹಿಡಿದುಕೊಂಡೇ ಹೊರಗೆ ಬಂದ. ಅವನ ಹಿಂದೆ ಅರ್ಧ ಮುಖಕ್ಕೆ ಸೋಪಿನ ನೊರೆ ಇದ್ದ ಗಿರಾಕಿಯೂ ಬಂದ.

"ಯಜಮಾನ್ರೇ, ಆ ಬಾಟಲಿ ಏನು?"

ಯಜಮಾನರ ಮೀಸೆ ಇಳಿಯಿತು. "ಯಾವ ಬಾಟಲಿ ಸಾಹೇಬ್ರೇ?"

"ನೀವು ಮಂಡಿಯಿಂದ ಮುಚ್ಚಿಕೊಳ್ತಿರೋ ಬಾಟಲಿ."

"ಇದಾ? ಇದು... ಬಾಗಿಲ ಕೀಲಿಗೆ ಹಾಕೋ ಎಣ್ಣೆ."

"ಪಕ್ಕದಲ್ಲಿ ಅಳತೆ ಚಮಚ ಯಾಕಿದೆ?"

"ಕೀಲಿಗೂ ಅಳತೆ ಪ್ರಕಾರವೇ ಹಾಕ್ತೀವಿ ಸಾಹೇಬ್ರೇ. ನಿಮ್ಮ ಇಲಾಖೆ ಅಂದ್ರೆ ನಮಗೆ ಅಷ್ಟು ಭಯ."

ಸೆಲೂನಿನವನು ಗಿರಾಕಿಯ ಕಿವಿಯಲ್ಲಿ ಹೇಳಿದ. "ಆ ಅಂಗಡಿಗೆ ಬಾಗಿಲೇ ಇಲ್ಲಣ್ಣ, ಬರೀ ಶಟರ್."

"ತಯಾರಕರ ಹೆಸರಿಲ್ಲ, ಪ್ರಮಾಣ ಇಲ್ಲ, ದಿನಾಂಕ ಇಲ್ಲ" ಎಂದು ಸಾಹೇಬರು ಬಾಟಲಿಯನ್ನು ಎತ್ತಿ ಬೀದಿಗೆಲ್ಲ ತೋರಿಸಿದರು. ಚೀಟಿಯ ತಳದಲ್ಲಿ ಇರುವೆ ಸಾಲಿನಂಥ ಒಂದು ಸಣ್ಣ ಬರಹವಿತ್ತು. ಅದು ಅವರ ಹೆಬ್ಬೆರಳಿನ ಕೆಳಗೆ ಇತ್ತು. ತಂತಿ ಸುತ್ತಿ, ಸೀಸದ ಮೊಹರು ಒತ್ತಿ, ಬಾಟಲಿಯನ್ನು ವಶಪಡಿಸಿಕೊಂಡರು.

"ಸಾಹೇಬ್ರೇ, ಮೊಹರು ಮಾತ್ರ ಹಾಕಬೇಡಿ" ಎಂದರು ಯಜಮಾನರು ದೈನ್ಯದಿಂದ. "ಇನ್ನೂ ಈ ಹೊತ್ತಿನದು ಹಾಕಿಲ್ಲ."

"ಎಲ್ಲಿಗೆ ಹಾಕಿಲ್ಲ?"

ಯಜಮಾನರು ಬಾಗಿಲನ್ನು ಹುಡುಕಿದರು. ಸಿಗಲಿಲ್ಲ. "ಕೀಲಿಗೆ" ಎಂದರು.

ಅಷ್ಟರಲ್ಲಿ ಮೇಲಧಿಕಾರಿ ಸದ್ದಿಲ್ಲದೆ ಬಂದು ನಿಂತಿದ್ದರು. ಸಾಹೇಬರು ಎದೆಯುಬ್ಬಿಸಿ ವರದಿ ಒಪ್ಪಿಸಲು ಬಾಯಿ ತೆರೆದರು. ಅದೇ ಕ್ಷಣ ಗುಂಪಿನ ಹಿಂದಿನಿಂದ ಒಂದು ಪರಿಚಿತ ಧ್ವನಿ.

"ರೀ, ಎಣ್ಣೆ ಮರೆತು ಬಂದಿದ್ದೀರಲ್ರೀ! ಊಟ ಅರ್ಧಕ್ಕೇ ಬಿಟ್ಟು ಓಡಿದ್ರಿ. ತಗೊಳ್ಳಿ, ಬಾಯಿ ತೆರೀರಿ."

ಹೆಂಡತಿ ಒಂದು ಕೈಯಲ್ಲಿ ಊಟದ ಡಬ್ಬಿ, ಪೀಪಿ, ಅಂಕಿ ಬರೆಯುವ ಪುಸ್ತಕ ಹಿಡಿದಿದ್ದರು. ಇನ್ನೊಂದು ಕೈಯಲ್ಲಿ ಕಂದು ಗಾಜಿನ ಬಾಟಲಿ, ಬಿಳಿ ಚೀಟಿ, ಮೂರಂಕಿಯ ಸಂಖ್ಯೆ.

ಗಿರಾಕಿಯ ಗಲ್ಲದಿಂದ ನೊರೆ ಜಾರಿ ಅಂಗಿಯ ಮೇಲೆ ಬಿದ್ದ ಸದ್ದೂ ಕೇಳಿಸಿತು ಎನ್ನುವವರಿದ್ದಾರೆ. ಯಜಮಾನರು ಆ ಬಾಟಲಿಯನ್ನು ಜಾತ್ರೆಯಲ್ಲಿ ಕಳೆದುಹೋದ ತಮ್ಮನನ್ನು ನೋಡಿದಂತೆ ನೋಡಿದರು.

ಮೇಲಧಿಕಾರಿ ಎರಡು ಬಾಟಲಿಗಳನ್ನೂ ಅಕ್ಕಪಕ್ಕ ಇಟ್ಟರು. "ಅಂಗಡಿಯವರ ಹತ್ರ ಒಂದು, ಅಂಗಡಿ ತಪಾಸಣೆ ಮಾಡೋರ ಮನೇಲಿ ಒಂದು. ಲೇಬಲ್ ಎರಡಕ್ಕೂ ಇಲ್ಲ. ಯಾರು ಯಾರಿಗೆ ಕೊಟ್ಟದ್ದು?"

ಸಾಹೇಬರು ನೆಲ ನೋಡಿದರು. ನಿಜ ಹೇಳಿದರೆ ನೆಲಮಾಳಿಗೆ. ಯಜಮಾನರು ಬೋರ್ಡು ನೋಡಿದರು. ನಿಜ ಹೇಳಿದರೆ ಅಪ್ಪನ ಬೋರ್ಡು.

"ಇಬ್ಬರೂ ಮಾತಾಡಲ್ಲ ಅಂದ್ರೆ, ಮೊದಲೇ ಮಾತಾಡಿಕೊಂಡಿದ್ದೀರಿ ಅಂತ ಅರ್ಥ" ಎಂದರು ಮೇಲಧಿಕಾರಿ.

"ಅಯ್ಯೋ, ಲಂಚ ಅಲ್ಲ ಮೇಡಂ!" ಹೆಂಡತಿ ಮುಂದೆ ಬಂದರು. "ಇವರಿಗೆ ದಮ್ಮು. ಹನ್ನೆರಡು ವರ್ಷದಿಂದ. ಇದು ಆಸ್ಪತ್ರೆಯವರು ಕೊಟ್ಟ ಎಣ್ಣೆ."

"ಅದಕ್ಕೇ!" ಸೆಲೂನಿನವನು ಕತ್ತಿ ಬೀಸಿದ. ಗಿರಾಕಿ ತಲೆ ತಗ್ಗಿಸಿದ. "ಅದಕ್ಕೇ ನಮ್ಮ ಮೆಟ್ಟಿಲ ಮೀಟರನ್ನ ಹತ್ತತ್ತು ನಿಮಿಷ ನೋಡ್ತಿದ್ರು! ನಾನು ಕರೆಂಟ್ ಕಳ್ಳತನದ ಗುಮಾನಿ ಅಂತ ಎರಡು ಬಲ್ಬ್ ಕಮ್ಮಿ ಮಾಡಿದ್ದೆ!"

"ಸುಳ್ಳು ಹೇಳೋಕೂ ಒಂದು ಮಿತಿ ಬೇಕಮ್ಮ. ದಮ್ಮಿದೆ ಅನ್ನೋದಕ್ಕೆ ಏನು ಸಾಕ್ಷಿ?" ಎಂದರು ಮೇಲಧಿಕಾರಿ.

"ಪೀಪಿ ಇದೆಯಲ್ಲ, ಊದಿಸಿ ನೋಡಿ!"

ಪೀಪಿ ಸಾಹೇಬರ ಕೈಗೆ ಬಂತು. ಇಲ್ಲಿ ಓದುಗರು ಅವರ ಸ್ಥಿತಿಯನ್ನು ಸ್ವಲ್ಪ ತೂಗಿ ನೋಡಬೇಕು. ನಾನೂರರ ಮೇಲೆ ಊದಿದರೆ ಇಲ್ಲದ ರೋಗದ ಹೆಸರಲ್ಲಿ ಎಣ್ಣೆ ತಿಂದ ಲಂಚಕೋರ. ಮುನ್ನೂರಕ್ಕೆ ನಿಲ್ಲಿಸಿದರೆ ಲಂಚಕೋರನಲ್ಲ, ಆದರೆ ಬದುಕಿನುದ್ದಕ್ಕೂ ದಾಖಲೆ ಕೋಣೆ. ಮೆಲ್ಲಗೆ ಊದುವುದು ಕಷ್ಟವೇನಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಸಾಹೇಬರು ನೆಟ್ಟಗೆ ನಿಂತರು, ಉಸಿರೆಳೆದುಕೊಂಡರು, ಮೆಲ್ಲಗೆ ಊದಬೇಕೆಂದು ತೀರ್ಮಾನಿಸಿದರು. ಆದರೆ ಅಂಕಿಗಳಿರುವ ಒಂದು ಸಾಧನದ ಮುಂದೆ ಸುಳ್ಳು ಹೇಳುವುದು ಆ ಶ್ವಾಸಕೋಶಕ್ಕೆ ಸಾಧ್ಯವಾಗಲಿಲ್ಲ.

ಫೂ!

ಮೇಲಧಿಕಾರಿ ಮುಳ್ಳು ನೋಡಿದರು. "ನಾನೂರ ಮೂವತ್ತು. ಇದು ದಮ್ಮಿನವರ ಊದು ಅಂತೀರಾ?"

"ಇನ್ನೂರ ತೊಂಬತ್ತಿತ್ತು ಮೇಡಂ, ಏರಿದೆ" ಎಂದರು ಸಾಹೇಬರು. ತಾವು ಏರಿದ್ದಕ್ಕೆ ಕ್ಷಮೆ ಕೇಳುತ್ತಿರುವಂತೆ ಇತ್ತು ಧ್ವನಿ.

ಆಗ ಅಂಗಡಿಯೊಳಗಿಂದ ಸೀಟಿ ಹೊಡೆದಂಥ ಸದ್ದು ಬಂತು. ಎಲ್ಲರೂ ತಿರುಗಿದರು. ಯಜಮಾನರು. ಗಾಬರಿಗೋ ಪಕ್ಕದ ಚೀಲದಲ್ಲಿದ್ದ ಮೆಣಸಿನ ಪುಡಿಯ ಘಾಟಿಗೋ ಅವರ ಎದೆ ತಾನಾಗಿ ಸೀಟಿ ಹಾಕುತ್ತಿತ್ತು. ಸಾಹೇಬರು ಆ ಸದ್ದನ್ನು ಹನ್ನೆರಡು ವರ್ಷದಿಂದ ಒಳಗಿನಿಂದ ಬಲ್ಲವರು. "ಇನ್ಹೇಲರ್ ಎಲ್ಲಿ ಯಜಮಾನ್ರೇ?" ಎಂದು ಕೂಗಿದರು. ಯಜಮಾನರು ಗಾದಿಯ ಕೆಳಗೆ ಕೈ ತೋರಿಸಿದರು. ಹೆಂಡತಿ ಗಾದಿ ಎತ್ತಿದರು. ಇನ್ಹೇಲರ್ ಇತ್ತು, ಪಕ್ಕದಲ್ಲಿ ಒಂದು ಪೀಪಿಯೂ ಇತ್ತು. ಹೆಂಡತಿ ನಿಂತು ಎಳೆಸಿದರು, ಹತ್ತು ನಿಮಿಷಕ್ಕೆ ಸೀಟಿ ತಗ್ಗಿತು. ಉಸಿರು ಬಂದ ಮೇಲೆ ಯಜಮಾನರು ಮೊದಲು ಆಡಿದ ಮಾತು: "ನಂಗೆ ದಮ್ಮಿರೋದನ್ನ ಯಾರಿಗೂ ಹೇಳಬೇಡಿ, ಬೋರ್ಡಿನ ಮಾನದ ಪ್ರಶ್ನೆ." ಕೇಳಿಸಿಕೊಂಡವರು ಸುಮಾರು ಅರವತ್ತು ಜನ.

ಹೆಂಡತಿಯ ಅಂಕಿ ಪುಸ್ತಕದಲ್ಲಿ ಬರೆದಿದ್ದ ಆಸ್ಪತ್ರೆಯ ನಂಬರಿಗೆ ಮೇಲಧಿಕಾರಿ ಫೋನು ಮಾಡಿದರು. ಅರ್ಧ ಗಂಟೆಯಲ್ಲಿ ನರ್ಸ್ ರಿಜಿಸ್ಟರ್ ಸಮೇತ ಬಂದರು.

"ಇಬ್ಬರೂ ನಮ್ಮವರೇ" ಎಂದರು ನರ್ಸ್.

"ಒಳಗಿರೋದು ಏನು?"

"ಗೊತ್ತಿಲ್ಲ ಮೇಡಂ."

"ಡಾಕ್ಟರಿಗೆ?"

"ಅವರಿಗೂ ಗೊತ್ತಿಲ್ಲ."

"ಕುಡಿಯೋರಿಗೆ ಗೊತ್ತಿಲ್ಲ, ಕುಡಿಸೋರಿಗೆ ಗೊತ್ತಿಲ್ಲ. ಮತ್ತೆ ಯಾರಿಗೆ ಗೊತ್ತು?"

"ಬೇರೆ ಊರಲ್ಲಿ ಒಂದು ಕಂಪ್ಯೂಟರ್ ಇದೆ, ಅದಕ್ಕೆ. ತಗೊಳ್ಳೋರಿಗೆ ಗೊತ್ತಾದ್ರೆ ಗುಣ ಆಗಿದೆ ಅಂತಲೋ ಆಗಿಲ್ಲ ಅಂತಲೋ ಮನಸ್ಸು ಮೊದಲೇ ತೀರ್ಪು ಕೊಟ್ಟುಬಿಡುತ್ತೆ. ಅದಕ್ಕೇ ಈ ಮುಚ್ಚುಮರೆ." ನರ್ಸ್ ರಿಜಿಸ್ಟರಿನ ಪುಟ ತಿರುವಿದರು. "ಹೇಗೂ ಬಂದಿದ್ದೀನಿ, ಒಂದು ವಿಷಯ ಕೇಳ್ತೀನಿ. ವಾಪಸ್ ಬಂದ ಬಾಟಲಿಗಳನ್ನ ನಾವು ಅಳೀತೀವಿ. ಅಂಗಡಿ ಯಜಮಾನರದ್ದು ಹನಿ ಹನಿ ಸರಿ ಇದೆ. ಸಾಹೇಬರದ್ದು ಮೊದಲ ತಿಂಗಳಲ್ಲಿ ಇಪ್ಪತ್ತೆರಡು ಮಿಲಿ ಅಳತೆಗೆ ಸಿಗ್ತಿಲ್ಲ."

ಬೀದಿಯ ಅಷ್ಟೂ ಅಂಗಡಿಯವರು ಒಂದೇ ಸಲ ಉಸಿರೆಳೆದುಕೊಂಡರು. ಕೆಲವರ ಕಣ್ಣಲ್ಲಿ ನೀರಿತ್ತು. ಮೂವತ್ತೊಂದು ವರ್ಷ ಕಾದಿದ್ದರು.

"ತಕ್ಕಡಿ ಸಾಹೇಬರ ಅಳತೆ ಕಮ್ಮಿ!" ಎಂದ ಸೆಲೂನಿನವನು. ಮುಂದೆ ನಾಲ್ಕು ತಿಂಗಳು ಗಡ್ಡ ಕೆರೆಯುತ್ತಾ ಅವನು ಬೇರೆ ಮಾತಾಡಲಿಲ್ಲ.

"ದೀಪಕ್ಕೆ ಹಾಕಿ ಉರಿಸಿದ್ರು ಸಿಸ್ಟರ್. ಕಾಗದಕ್ಕೂ ಹಚ್ಚಿದ್ರು" ಎಂದರು ಹೆಂಡತಿ.

"ಒಪ್ಪಿಗೆ ಪತ್ರದ ಒಂಬತ್ತನೇ ಪುಟದಲ್ಲೇ ಬರೆದಿದೆಯಲ್ಲ ಸಾರ್. ಕುಡಿಯೋದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬಳಸಬಾರದು ಅಂತ. ಓದಿರಲಿಲ್ವಾ?"

"ಎಣಿಸಿದ್ದೆ" ಎಂದರು ಸಾಹೇಬರು.

ಮೇಲಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. "ನನಗೆ ವರದಿ ಬರೀಬೇಕು. ಒಳಗೇನಿದೆ ಅಂತ ತಿಳೀದೆ ಬರೆಯೋದು ಹೇಗೆ? ಆ ಕಂಪ್ಯೂಟರನ್ನ ಕೇಳಿ, ಗುಟ್ಟು ತೆಗೆಸಿ."

"ತೆಗೆಸಬಹುದು" ಎಂದರು ನರ್ಸ್. "ಆದ್ರೆ ತೆಗೆಸಿದ ಗಳಿಗೆಗೇ ಇಬ್ಬರೂ ಅಧ್ಯಯನದಿಂದ ಹೊರಗೆ. ಇನ್ನು ಬಾಟಲಿ ಇಲ್ಲ, ಇಷ್ಟು ದಿನದ ಅಂಕಿಯೂ ಕೆಲಸಕ್ಕೆ ಬರಲ್ಲ."

ಎಲ್ಲರೂ ಸಾಹೇಬರ ಕಡೆ ತಿರುಗಿದರು. ಎರಡು ತಿಂಗಳಿಂದ ಬತ್ತಿ ಉರಿಸಿ, ಕಡ್ಡಿ ಮುಳುಗಿಸಿ, ಹೆಂಡತಿಯ ಮೂಗಿಗೂ ಹಿಡಿದು ಹುಡುಕಿದ ಸತ್ಯ ಒಂದು ಫೋನಿನ ದೂರದಲ್ಲಿತ್ತು. ಸಾಹೇಬರು ಒಂದು ಹೆಜ್ಜೆ ಮುಂದಿಟ್ಟು, ಯಾರೂ ಊಹಿಸದ ಮಾತಾಡಿದರು.

"ಬೇಡ ಮೇಡಂ. ತೆಗೆಸಬೇಡಿ."

"ಏನಂದ್ರಿ?"

"ಪರೀಕ್ಷೆಗೆ ಇನ್ನು ಮೂರು ವಾರ ಇದೆ. ಒಳಗಿರೋದು ಬರೀ ಅಡುಗೆ ಎಣ್ಣೆ ಅಂತ ಆದ್ರೆ... ನನ್ನ ಉಸಿರು ಅದನ್ನ ಕೇಳಿಸಿಕೊಂಡುಬಿಡುತ್ತೆ. ಅದಕ್ಕೆ ಗೊತ್ತಾಗೋದು ಬೇಡ. ನಂಗೂ ಬೇಡ."

ಸೀಸದ ಮೊಹರು ಒಡೆಯದೆ ಒಂದು ದಿನವೂ ಉಂಡವರಲ್ಲ ಸಾಹೇಬರು. ಅಂಥವರ ಬಾಯಲ್ಲಿ ಮುಚ್ಚಿದ್ದನ್ನು ಮುಚ್ಚಿಡಿ ಎಂಬ ಮಾತು ಬಂದಾಗ ಸೆಲೂನಿನ ಗಿರಾಕಿ ಕೂಡ ಮುಖ ಒರೆಸಿಕೊಂಡ. ನರ್ಸ್ ಮೆಲ್ಲಗೆ ಬಾಟಲಿ ತಿರುಗಿಸಿ, ಚೀಟಿಯ ತಳದ ಸಣ್ಣ ಬರಹ ತೋರಿಸಿದರು: 'ಅಧ್ಯಯನಕ್ಕೆ ಮಾತ್ರ. ಮಾರಾಟಕ್ಕಲ್ಲ.' ಮಾರಾಟಕ್ಕಲ್ಲದ ಬಾಟಲಿ ತಮ್ಮ ಇಲಾಖೆಗೆ ಸೇರಿದ್ದಲ್ಲ ಎಂದು ಮೇಲಧಿಕಾರಿ ಬರೆದುಕೊಂಡರು. ಬೋರ್ಡನ್ನು ಮಾತ್ರ ಇಳಿಸಬೇಕೆಂದರು. ಸಾಹೇಬರು ತಾವು ಹಾಕಿದ ಮೊಹರನ್ನು ತಾವೇ ಬಿಚ್ಚಿ ಬಾಟಲಿಯನ್ನು ಯಜಮಾನರಿಗೆ ಹಿಂತಿರುಗಿಸಿದರು. ಆಮೇಲೆ ಮೇಲಧಿಕಾರಿಯ ಅಪ್ಪಣೆಯಂತೆ, ಗೋಣಿಚೀಲದ ಮೇಲೆ ಕೂತು, ನರ್ಸ್ ರಿಜಿಸ್ಟರಿನ ಜೊತೆ ತಂದಿದ್ದ ಹದಿನಾಲ್ಕು ಪುಟದ ಒಪ್ಪಿಗೆ ಪತ್ರವನ್ನು ಬೀದಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿದರು. ಉಸಿರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಮೇಲಧಿಕಾರಿ ಅದನ್ನೂ ಬರೆದುಕೊಂಡರು.

ಮೂರು ವಾರದ ಮೇಲೆ ಇಲಾಖೆಯ ಯಂತ್ರಕ್ಕೆ ಸಾಹೇಬರು ಊದಿದರು. ನಾನೂರ ಇಪ್ಪತ್ತೈದು. ಬೀದಿ ಉಳಿಯಿತು.

ಅಧ್ಯಯನ ಮುಗಿದು ಕೆಲವು ತಿಂಗಳ ನಂತರ ಇಬ್ಬರಿಗೂ ಒಂದೇ ದಿನ ಒಂದೇ ಬಗೆಯ ಲಕೋಟೆ ಬಂತು. ಯಾರ ಬಾಟಲಿಯಲ್ಲಿ ಯಾವ ಎಣ್ಣೆ ಇತ್ತೆಂದು ತಿಳಿಸುವ ಪತ್ರ. ಸಾಹೇಬರು ತಮ್ಮದನ್ನು ಹಿಡಿದು, ಹೆಂಡತಿಯ ಜೊತೆ ಅಂಗಡಿಗೆ ಹೋದರು.

ಯಜಮಾನರು ಆಗಲೇ ತಮ್ಮದನ್ನು ಒಡೆದು, ಮೀಸೆ ಇಳಿಬಿಟ್ಟು ಕೂತಿದ್ದರು. "ಅಡುಗೆ ಎಣ್ಣೆ ಸಾಹೇಬ್ರೇ! ನನ್ನ ಮೂರನೇ ಡಬ್ಬದಲ್ಲಿರೋ ಅದೇ ಎಣ್ಣೆ! ಹುಟ್ಟಿದಾಗಿನಿಂದ ಎಣ್ಣೆ ಮಾರ್ತಿದ್ದೀನಿ, ಯಾವುದೋ ಅಪರೂಪದ ಬೀಜದ್ದು ಅಂತ ಚಪ್ಪರಿಸಿ ಕುಡಿದೆ! ಹಾಗಾದ್ರೆ ನಿಮ್ಮದು ಅಸಲಿ."

"ಹಾಗೇನಿಲ್ಲ. ಒಬ್ಬರಿಗೆ ಇದು ಬಂದ್ರೆ ಇನ್ನೊಬ್ಬರಿಗೆ ಅದು ಬರಬೇಕು ಅಂತ ಹದಿನಾಲ್ಕು ಪುಟದಲ್ಲಿ ಎಲ್ಲೂ ಇಲ್ಲ" ಎಂದರು ಸಾಹೇಬರು. "ಎಣ್ಣೆಯಿಂದ ಒಟ್ಟಾರೆ ಗುಣ ಇದೆಯಾ ಇಲ್ವಾ?"

"ಇನ್ನೂ ತಾಳೆ ನೋಡ್ತಿದ್ದಾರಂತೆ. ಇರಬಹುದು ಅಂತ ಬರೆದಿದ್ದಾರೆ. ನಿಮ್ಮದು ತೆಗೀರಿ ಸಾಹೇಬ್ರೇ."

"ನಾನು ತೆಗೆಯಲ್ಲ. ಉಸಿರು ಚೆನ್ನಾಗಿದೆ, ಅದನ್ನ ಯಾಕೆ ಕೆಣಕಲಿ?" ಸಾಹೇಬರು ದೊಡ್ಡ ಮನಸ್ಸಿನಿಂದ ಲಕೋಟೆಯನ್ನು ಜೇಬಿಗೆ ಹಾಕಲು ಹೋದರು. ಆದರೆ ಎದುರಿಗೆ ತಕ್ಕಡಿ ಇತ್ತು. ಮೂವತ್ತೊಂದು ವರ್ಷದ ಕೈ. ಒಂದು ತಟ್ಟೆಗೆ ಯಜಮಾನರ ಲಕೋಟೆಯನ್ನು ಪತ್ರ ಸಮೇತ ಇಟ್ಟು, ಇನ್ನೊಂದಕ್ಕೆ ತಮ್ಮ ಲಕೋಟೆ ಇಟ್ಟರು.

ಸಾಹೇಬರ ತಟ್ಟೆ ಕೂದಲೆಳೆಯಷ್ಟು ಕೆಳಗಿಳಿಯಿತು.

ಅವರು ಲಕೋಟೆಯನ್ನು ಬೆಳಕಿಗೆ ಹಿಡಿದರು. ಅದೇ ಕಾಗದ, ಅದೇ ಅಳತೆ. ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಅಂಚು ಸ್ವಲ್ಪ ದಪ್ಪವಾಗಿತ್ತು. ಒಮ್ಮೆ ಅಂಟಿದ್ದರ ಮೇಲೆ ಇನ್ನೊಮ್ಮೆ ಅಂಟಿಸಿದ ಗೋಂದು.

ಸಾಹೇಬರು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು. ಆಕೆ ಮೆಣಸಿನ ಪುಡಿಯ ಚೀಲದ ಮೇಲಿನ ಬರಹವನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದರು.

ಮಾರನೇ ದಿನ ಬೆಳಗ್ಗೆ ಆಕೆ ಎಂದಿನಂತೆ ಇನ್ಹೇಲರ್ ಹಿಡಿದು ಬಾಗಿಲಿಗೆ ಅಡ್ಡ ನಿಂತಾಗ, ಸಾಹೇಬರು ಆಕೆಯ ಮುಖವನ್ನು ಒಂದು ಪೊಟ್ಟಣದಂತೆ ನಾಲ್ಕೂ ಕಡೆಯಿಂದ ನೋಡಿದರು. ಅಲ್ಲಿ ಏನೂ ಬರೆದಿರಲಿಲ್ಲ.

"ಒಳಗೇನಿತ್ತು ಅಂತ ಹೇಳ್ಬೇಡ" ಎಂದರು. ಇನ್ಹೇಲರ್ ಎಳೆದುಕೊಂಡು, ಬಾಯಿ ಮುಕ್ಕಳಿಸಿ ಬಂದರು. "ಒಂದು ಕಡೆಯಿಂದ ಚೂರು ಹೇಳಿದ್ರೂ ಪರವಾಗಿಲ್ಲ."

"ಮೊದಲು ಊದಿ" ಎಂದರು ಹೆಂಡತಿ.

ಸಾಹೇಬರು ಊದಿದರು. ನಾನೂರ ನಲವತ್ತು. ಆಕೆ ಅಂಕಿ ಬರೆದುಕೊಂಡು, ಪುಸ್ತಕ ಮುಚ್ಚಿ, ಬಾಗಿಲು ಬಿಟ್ಟು ಸರಿದು ನಿಂತರು.